ಬೆನ್ನು ತಿರುಗಿಸಿ ನಿಲ್ಲುತ್ತಿದ್ದ ಹಸನಾಕ

ಕಳೆದ ವಾರ ಮಗಳು ಫೋನಿನಲ್ಲೇ ಊಟ ತರಿಸಿದಳು. ಡಬ್ಬಿಯ ಮುಚ್ಚಳ ತೆಗೆದ ಕೂಡಲೇ ಸೋಯಾ ಸಾಸು, ಶುಂಠಿ, ಬೆಂದ ಮೊಟ್ಟೆಯ ಹಬೆ ಒಟ್ಟಾಗಿ ನನ್ನ ಮುಖಕ್ಕೆ ಬಡಿಯಿತು. "ಅಮ್ಮ, ಜಪಾನೀಸ್ ರೈಸ್ ಬೌಲ್. ಒಂದ್ ಸ್ಪೂನ್ ಟೇಸ್ಟ್ ಮಾಡಿ ಹೇಳು" ಎಂದು ಚಮಚವನ್ನು ಬಾಯಿಯ ಹತ್ತಿರ ತಂದಳು. ನಾನು ಮುಖ ತಿರುಗಿಸಿದೆ. "ಯೂ ಆರ್ ಆಲ್ವೇಸ್ ಲೈಕ್ ದಿಸ್" ಎಂದು ಮುನಿಸಿಕೊಂಡು ಡಬ್ಬಿ ಎತ್ತಿಕೊಂಡು ರೂಮಿಗೆ ಹೋದಳು. ಅವಳದು ತಪ್ಪಲ್ಲ, ಅವಳಿಗೆ ಗೊತ್ತಿಲ್ಲ. ಅವಳ ಅಪ್ಪನಿಗೂ ಪೂರ್ತಿ ಗೊತ್ತಿಲ್ಲ. ಅವಳು ಹತ್ತನೇ ಕ್ಲಾಸಿನ ಪರೀಕ್ಷೆ ಬರೆದ ವರ್ಷದ ಆ ರಂಜಾನ್ ತಿಂಗಳನ್ನು ನಾನು ಯಾರಿಗೂ ಬಿಡಿಸಿ ಹೇಳಿದವಳಲ್ಲ.

ದೋಹಾದ ಅಲ್ ಮುಂತಜಾದಲ್ಲಿ ಒಂದು ಹಳೆಯ ಕಟ್ಟಡದ ನೆಲಮಹಡಿಯಲ್ಲಿ ಸುತ್ತಲೂ ಗೂಡಿನಂಥ ಎಂಟು ಅಂಗಡಿಗಳು, ನಡುವೆ ಎಲ್ಲರಿಗೂ ಸೇರಿದ ಮೇಜು ಕುರ್ಚಿಗಳು. ಒಂದರಲ್ಲಿ ಶವರ್ಮಾ, ಒಂದರಲ್ಲಿ ಕೇರಳದ ಪರೋಟ, ಒಂದರಲ್ಲಿ ನೇಪಾಳಿಯೊಬ್ಬನ ಜ್ಯೂಸು. ಕುಂದಾಪುರ ಕಡೆಯ ಪ್ರಭಾಕರಣ್ಣ ಮೂಲೆಯ ಅಂಗಡಿ ಹಿಡಿದರು. ಅವರು ಮೊದಲು ಸಿಂಗಾಪುರದಲ್ಲಿ ಇದ್ದವರು. ಅಲ್ಲಿ ಇಂಥ ಜಾಗಕ್ಕೆ ಹಾಕರ್ ಸೆಂಟರ್ ಅನ್ನುತ್ತಾರಂತೆ. ಅಲ್ಲಿ ಸಾಮಾನ್ಯ ಜನ ಕೂಡ ಜಪಾನಿನ ಅನ್ನದ ಬಟ್ಟಲು ಹಿಡಿದು ಕೂತು ಉಣ್ಣುವುದನ್ನು ನೋಡಿ ಬಂದಿದ್ದರು. ಇಲ್ಲಿ ಅದು ಮಾಲ್‌ಗಳಲ್ಲಿ ಮಾತ್ರ, ಅದೂ ಮುಟ್ಟಿದರೆ ಸುಡುವ ಬೆಲೆಗೆ. ಡ್ರೈವರನಿಗೂ ನರ್ಸಿಗೂ ಕೈಗೆಟುಕುವಂತೆ ಕೊಡುತ್ತೇನೆ ಎಂದು ಹೊರಟರು. ಕೊಟ್ಟರು ಕೂಡ. ಅಕ್ಟೋಬರಿನಲ್ಲಿ ಶುರುವಾದ ಅಂಗಡಿಗೆ ಡಿಸೆಂಬರಿನ ಹೊತ್ತಿಗೆ ಫಿಲಿಪ್ಪೀನ್ಸಿನವರು, ನೇಪಾಳದವರು, ನಮ್ಮವರು ಎಲ್ಲ ಸಾಲು ನಿಲ್ಲುತ್ತಿದ್ದರು.

ಅಡುಗೆಗೆ ಹಸನಾಕ. ಉಳ್ಳಾಲದ ಬ್ಯಾರಿ ಮುಸ್ಲಿಮರು, ಐವತ್ತು ದಾಟಿದವರು. ಹಿಂದೆ ಜಪಾನಿ ಎಂಜಿನಿಯರುಗಳ ಕ್ಯಾಂಪಿನಲ್ಲಿ ಅಡುಗೆಗೆ ಇದ್ದು ಅಲ್ಲಿಯೇ ಕಲಿತದ್ದು. ಕಡಿಮೆ ಬೆಲೆಗೆ ಕೊಡಬೇಕಲ್ಲ, ಅದಕ್ಕೆ ಅವರದೇ ದಾರಿಗಳಿದ್ದವು. ಜಪಾನಿನ ಅಕ್ಕಿಯ ಬದಲು ಈಜಿಪ್ಟಿನ ಗಿಡ್ಡ ಅಕ್ಕಿ. ಅಲ್ಲಿಯವರು ಹಾಕುವ ಅಕ್ಕಿಯ ಮದ್ಯದ ಬದಲು ಸಕ್ಕರೆ ಮತ್ತು ಒಂದಿಷ್ಟು ವಿನೆಗರ್. ಸಾರಿಗೆ ಕೋಳಿ ಮೂಳೆಯ ಜೊತೆ ಊರಿನಿಂದ ಬಂದ ಒಣ ಸಣ್ಣ ಮೀನು. ಆ ಸಾರಿನಲ್ಲಿ ಕೋಳಿ ಬೇಯಿಸಿ, ಮೇಲೆ ಮೊಟ್ಟೆ ಒಡೆದು ಸುರಿದು, ಅರೆ ಬೆಂದಾಗಲೇ ಅನ್ನದ ಮೇಲೆ ಜಾರಿಸುತ್ತಿದ್ದರು. ಜಪಾನಿ ಭಾಷೆಯಲ್ಲಿ ಅದರ ಹೆಸರಿಗೆ ತಾಯಿ-ಮಗುವಿನ ಬಟ್ಟಲು ಎಂದು ಅರ್ಥವಂತೆ. ಕೋಳಿ ತಾಯಿ, ಮೊಟ್ಟೆ ಮಗು. "ಎಂಥ ಜನ ಮಾರಾಯ್ರೆ, ಇಬ್ಬರನ್ನೂ ಒಟ್ಟಿಗೆ ತಿಂದು ಮೇಲಿಂದ ಹೆಸರು ಬೇರೆ ಇಟ್ಟಿದ್ದಾರೆ" ಎಂದು ನಾನು ಅಂದಾಗ ಹಸನಾಕ ಸೌಟು ಹಿಡಿದುಕೊಂಡೇ ನಕ್ಕಿದ್ದರು.

ನಾನು ಕೌಂಟರಿನಲ್ಲಿ ಆರ್ಡರ್ ತೆಗೆದುಕೊಳ್ಳುವವಳು. ನನ್ನದು ಗಂಡನ ವೀಸಾ, ಅದರಲ್ಲಿ ಕೆಲಸ ಮಾಡಬೇಕಾದರೆ ಬೇರೆ ಪರವಾನಗಿ ಬೇಕು. ಪ್ರಭಾಕರಣ್ಣ "ಮಾಡಿಸುವ ಸುಜಾತ, ನಾಳೆ ಮಾಡಿಸುವ" ಎಂದು ಮುಂದೂಡುತ್ತಲೇ ಇದ್ದರು. ನಾನೂ ಒತ್ತಾಯಿಸಲಿಲ್ಲ. ಯಾರಾದರೂ ಕೇಳಿದರೆ ನಾನು ಪ್ರಭಾಕರಣ್ಣನ ಸಂಬಂಧಿ, ಸುಮ್ಮನೆ ಕೂತಿದ್ದೇನೆ ಎನ್ನಬೇಕೆಂದು ಮಾತಾಗಿತ್ತು.

ಹಸನಾಕನ ಗುಟ್ಟು ನನಗೆ ತಿಳಿದದ್ದು ಚಳಿಗಾಲದಲ್ಲಿ. ಒಲೆಯ ಪಕ್ಕದ ಕೈಬಟ್ಟೆಗೆ ಕಿಡಿ ತಾಗಿ ಸುಟ್ಟ ವಾಸನೆ ಕೌಂಟರಿನವರೆಗೆ ಬಂತು. ಒಳಗೆ ಓಡಿ ನೋಡಿದರೆ ಅವರು ಆ ಬಟ್ಟೆಯ ಪಕ್ಕದಲ್ಲೇ ನಿಂತು ಈರುಳ್ಳಿ ಕೊಚ್ಚುತ್ತಿದ್ದಾರೆ. ನಾನು ಬಟ್ಟೆ ಎಳೆದು ಸಿಂಕಿಗೆ ಹಾಕಿದೆ. ಅವರು ಕತ್ತಿ ಕೆಳಗಿಟ್ಟರು. ಆಮೇಲೆ ಮೆಲ್ಲಗೆ, "ಕೊರೊನಾ ಬಂದ ಮೇಲೆ ನನಗೆ ವಾಸನೆ ಗೊತ್ತಾಗುದಿಲ್ಲ ಅಕ್ಕ. ನಾಲಗೆಯಲ್ಲಿ ಸುಧಾರಿಸ್ತೇನೆ. ಯಾರಿಗೂ ಹೇಳ್ಬೇಡಿ. ಮೂಗು ಇಲ್ಲದ ಭಟ್ಟನನ್ನು ಯಾರು ಇಟ್ಕೊಳ್ತಾರೆ?" ಎಂದರು. ನಾವು ಮಾತಾಡುತ್ತಿದ್ದದ್ದು ತುಳುವಿನಲ್ಲಿ, ನಾನು ಕನ್ನಡದಲ್ಲಿ ಬರೆಯುತ್ತಿದ್ದೇನೆ. ನಾನು ಹೇಳುವುದಿಲ್ಲ ಎಂದೆ. ಆ ಒಂದು ಮಾತನ್ನು ಉಳಿಸಿಕೊಂಡಿದ್ದೇನೆ ಎಂದು ಹೆಮ್ಮೆಪಡುವ ಹಾಗೂ ಇಲ್ಲ ಈಗ.

ರಂಜಾನ್ ಬಂತು. ಹಗಲು ಅಂಗಡಿ ಮುಚ್ಚಿರಬೇಕು, ಆದರೆ ಮಧ್ಯಾಹ್ನ ಒಂದು ಗಂಟೆಗೇ ನಾವು ಹಿಂಬಾಗಿಲಿನಿಂದ ಒಳಗೆ. ಸಂಜೆ ಉಪವಾಸ ಬಿಡುವ ಹೊತ್ತಿಗೆ ಬಟ್ಟಲುಗಳು ತಯಾರಿರಬೇಕು. ಉಪವಾಸದಲ್ಲಿ ಈಗ ಹಸನಾಕನಿಗೆ ಮೂಗಿನ ಜೊತೆ ನಾಲಗೆಯೂ ಇಲ್ಲ. "ನಾಲಗೆ ತುದಿಗೆ ಮುಟ್ಟಿಸಿ ಉಗುಳಿದ್ರೆ ಅಡ್ಡಿ ಇಲ್ಲ ಅಂತ ಮಸೀದಿಯ ಉಸ್ತಾದರು ಹೇಳ್ತಾರೆ. ಆದ್ರೆ ನನಗೆ ಮನಸ್ಸು ಒಪ್ಪುದಿಲ್ಲ. ಇಷ್ಟು ವರ್ಷ ಒಂದು ನೋಂಬು ಹಾಗೆ ಹಿಡಿದವನಲ್ಲ. ನೀವು ರುಚಿ ನೋಡಿ ಹೇಳಿ ಅಕ್ಕ. ನೀವು ಸರಿ ಅಂದ್ರೆ ಸರಿ" ಎಂದರು. ನಮ್ಮ ಕಡೆಯ ಹೋಟೆಲುಗಳಲ್ಲಿ ಇದೇನೂ ಹೊಸದಲ್ಲ, ನೋಂಬು ಹಿಡಿದು ಉಪವಾಸವಿರುವ ಭಟ್ಟರಿಗೆ ನೋಂಬಿಲ್ಲದವರೊಬ್ಬರು ಉಪ್ಪು ನೋಡಿಕೊಡುವುದು ನಡೆದು ಬಂದದ್ದೇ.

ದಿನಾ ಮೂರೂವರೆಗೆ ಸಾರು ಕುದಿಯುತ್ತಿತ್ತು. ಅವರು "ಅಕ್ಕಾ" ಎಂದು ಕರೆಯುತ್ತಿದ್ದರು. ನಾನು ಒಳಗೆ ಹೋದರೆ ಸೌಟಿನಲ್ಲಿ ಸಾರು ತೆಗೆದು ಪುಟ್ಟ ಸ್ಟೀಲ್ ಲೋಟಕ್ಕೆ ಹಾಕಿ ಕೊಟ್ಟು, ಗೋಡೆಯ ಕಡೆ ತಿರುಗಿ ನಿಲ್ಲುತ್ತಿದ್ದರು. ಬರಗಾಲದಿಂದ ಬಂದವನ ಹಾಗೆ ನಿಮ್ಮ ಬಾಯಿ ನೋಡ್ತಾ ನಿಂತ್ರೆ ನಿಮಗೆ ಗಂಟಲಲ್ಲಿ ಇಳಿದೀತಾ ಎಂದು ಮೊದಲ ದಿನ ತಮಾಷೆ ಮಾಡಿದ್ದರು. ನನಗೆ ಮುಜುಗರವಾಗಬಾರದೆಂದೇ ಆ ಬೆನ್ನು. ಬಿಳಿ ಬನಿಯನ್ನಿನ ಮೇಲೆ ಬೆವರು ನಕಾಶೆಯ ಹಾಗೆ ಹರಡಿರುತ್ತಿತ್ತು. ನಾನು ಕುಡಿದು "ಉಪ್ಪು ಒಂಚೂರು" ಅಥವಾ "ಸರಿ ಉಂಟು" ಎನ್ನುತ್ತಿದ್ದೆ. ಸರಿ ಉಂಟು ಎಂದ ಮೇಲೆ ಅವರು ಒಂದು ಹರಳು ಉಪ್ಪನ್ನೂ ಮುಟ್ಟುತ್ತಿರಲಿಲ್ಲ. ನನ್ನ ಜೀವನದಲ್ಲಿ ನನ್ನ ಮಾತಿಗೆ ಅಷ್ಟು ಬೆಲೆ ಕೊಟ್ಟವರು ಬೇರೆ ಯಾರೂ ಇಲ್ಲ.

ಅದೇ ತಿಂಗಳು ಮಗಳ ಬೋರ್ಡ್ ಪರೀಕ್ಷೆ. ಅವಳಿಗೆ ಗಣಿತ ಅಂದರೆ ಜ್ವರ. ಅವಳ ಸಲುವಾಗಿ ನಾನು ಇಪ್ಪತ್ತೊಂದು ಸಂಕಷ್ಟಿ ಮಾಡುತ್ತೇನೆ ಎಂದು ಹರಕೆ ಹೊತ್ತಿದ್ದೆ. ತಿಂಗಳಿಗೊಂದು ಸಂಕಷ್ಟಿ ಚತುರ್ಥಿ, ಹಗಲಿಡೀ ಉಪವಾಸ, ಚಂದ್ರನನ್ನು ನೋಡಿದ ಮೇಲೆ ಊಟ. ಇಪ್ಪತ್ತು ಮುಗಿದಿತ್ತು. ಕೊನೆಯದು ರಂಜಾನಿನ ಹದಿನೆಂಟನೆಯದೋ ಹತ್ತೊಂಬತ್ತನೆಯದೋ ದಿನ ಬಿತ್ತು. ಮರುದಿನವೇ ಗಣಿತ.

ಆ ಮಾರ್ಚಿನಲ್ಲಿ ಹವೆ ಹಿತವಾಗಿಯೇ ಇತ್ತು, ಆದರೆ ಆ ವಾರ ಧೂಳಿನ ಗಾಳಿ ಎದ್ದಿತು. ಆಕಾಶ ಹಳದಿ, ರಸ್ತೆಯ ಆಚೆಯ ಕಟ್ಟಡ ಕಾಣುವುದಿಲ್ಲ, ಹಲ್ಲು ಕಡಿದರೆ ಮರಳು. ಬಾಯಾರಿಕೆಯಿಂದ ತಲೆ ಸಿಡಿಯುತ್ತಿತ್ತು. ಒಂದು ಗಂಟೆಗೆ ಬಂದು ಬಾಗಿಲು ತೆಗೆದಾಗ ಎಲ್ಲ ಎಂದಿನಂತೆಯೇ ಇತ್ತು. ಹಿಂದಿನ ದಿನ ಉಳಿದ ಸಾರಿನ ಪಾತ್ರೆ ಫ್ರಿಜ್ಜಿನಲ್ಲಿತ್ತು. ಮುಟ್ಟಿದರೆ ತಣ್ಣಗೆ. ಬೆಳಿಗ್ಗೆ ರಿಪೇರಿಗೆಂದು ಇಡೀ ಕಟ್ಟಡದ ಕರೆಂಟು ಗಂಟೆಗಟ್ಟಲೆ ತೆಗೆದಿದ್ದರು ಎನ್ನುವುದು ನಮಗೆ ತಿಳಿದದ್ದು ಎರಡು ದಿನ ಕಳೆದು, ಆಗ ತಿಳಿದು ಏನು ಪ್ರಯೋಜನ. ಅವತ್ತು ಅಲ್ ರಯ್ಯಾನ್ ಕಡೆಯ ಡ್ರೈವರುಗಳ ವಸತಿಯೊಂದಕ್ಕೆ ದೊಡ್ಡ ಆರ್ಡರ್ ಇತ್ತು, ಹಸನಾಕ ಹಳೆಯ ಸಾರಿಗೇ ಹೊಸದನ್ನು ಸೇರಿಸಿ ಕುದಿಯಲಿಟ್ಟರು.

ಮೂರೂವರೆಗೆ "ಅಕ್ಕಾ" ಎಂದರು.

ಬಂದ ಕೂಡಲೇ ಹೇಳಬೇಕು ಎಂದುಕೊಂಡಿದ್ದೆ. ಇವತ್ತು ನನ್ನದೂ ಉಪವಾಸ, ನನ್ನಿಂದ ಆಗುವುದಿಲ್ಲ ಎಂದು. ಹೇಳಿದ್ದರೆ ಏನಾಗುತ್ತಿತ್ತು? ಏನೂ ಇಲ್ಲ. "ಆಯ್ತು ಅಕ್ಕ" ಎಂದು ಆ ಜ್ಯೂಸಿನ ನೇಪಾಳಿಯನ್ನು ಕರೆದು ಕುಡಿಸುತ್ತಿದ್ದರು. ಅಷ್ಟು ಸಲೀಸು. ಆದರೆ ಅವರು ಮೂವತ್ತು ದಿನ ಹಿಡಿಯುವವರು, ನಾನು ಒಂದು ದಿನದ್ದನ್ನು ದೊಡ್ಡದು ಮಾಡಿ ಹೇಳುವುದೇ ಎಂಬ ಸಂಕೋಚ. ದಿನಾ ಅದೇ ಸಾರು, ಅದೇ ಕೈ, ಒಂದು ದಿನಕ್ಕೆ ಏನಾದೀತು ಎಂಬ ಸೋಮಾರಿತನ. ಇವೆರಡರ ನಡುವೆ ಬಾಯಿ ಬಿಡದೆ ಕೂತೆ. ಅವರು ಲೋಟ ಕೊಟ್ಟು ತಿರುಗಿ ನಿಂತರು. ಒಣಮೀನಿನ ವಾಸನೆ ಮೂಗಿಗೆ ಹೋದರೂ ವ್ರತ ಕೆಟ್ಟೀತೆಂದು ನಾನು ಉಸಿರು ಬಿಗಿ ಹಿಡಿದಿದ್ದೆ. ಸದ್ದಾಗದಂತೆ ಲೋಟವನ್ನು ಸಿಂಕಿಗೆ ಬಗ್ಗಿಸಿದೆ. ಒಂದೆರಡು ಕ್ಷಣ ಬಿಟ್ಟು, ನುಂಗಿದವಳ ಹಾಗೆ, "ಸರಿ ಉಂಟು" ಎಂದೆ.

"ಹುಳಿ ಹೆಚ್ಚಾಗ್ಲಿಲ್ಲ ಅಲ್ವ? ವಿನೆಗರ್ ಸ್ವಲ್ಪ ಕೈ ಜಾರಿತು" ಎಂದು ಗೋಡೆ ನೋಡಿಕೊಂಡೇ ಕೇಳಿದರು.

"ಇಲ್ಲ ಹಸನಾಕ, ಸರಿಯಾಗಿಯೇ ಉಂಟು."

ಐದು ಗಂಟೆಗೆ ಡ್ರೈವರುಗಳ ಡಬ್ಬಿಗಳು ವ್ಯಾನಿನಲ್ಲಿ ಹೋದವು. ಮಸೀದಿಯಲ್ಲಿ ಸಂಜೆಯ ಬಾಂಗ್ ಆಗಿ, ಉಪವಾಸ ಬಿಟ್ಟವರು ಮೇಜುಗಳಿಗೆ ಬಂದರು. ಹಸನಾಕ ಮೂರು ಖರ್ಜೂರ, ನೀರು ತೆಗೆದುಕೊಂಡು ಮತ್ತೆ ಒಲೆಗೆ. ಬಿಡುವೇ ಇಲ್ಲ, ತಾವು ಮಾಡಿದ್ದನ್ನು ತಾವು ಬಾಯಿಗೆ ಹಾಕುವ ಪುರುಸೊತ್ತು ಅವರಿಗೆ ಒಂದು ದಿನವೂ ಸಿಗುತ್ತಿರಲಿಲ್ಲ. ಏಳು ಗಂಟೆಯ ಸುಮಾರಿಗೆ ಫಿಲಿಪ್ಪೀನಿ ನರ್ಸೊಬ್ಬಳು ಅರ್ಧ ತಿಂದ ಬಟ್ಟಲು ತಂದು, ಮೇಡಂ ಇವತ್ತು ಏನೋ ಹುಳಿ ಹುಳಿ ಎಂದಳು. ನಾನು ಮುಖ ಗಂಟಿಕ್ಕಿ, ಅದು ವಿನೆಗರ್, ಜಪಾನಿ ಅಡುಗೆ ಹಾಗೆಯೇ ಎಂದು ಅವಳಿಗೇ ಪಾಠ ಹೇಳಿ ಕಳಿಸಿದೆ. ಒಂದು ಚಮಚ ಬಾಯಿಗೆ ಹಾಕಿ ನೋಡಬಹುದಿತ್ತು. ಚಂದ್ರ ಇನ್ನೂ ಬಂದಿರಲಿಲ್ಲ.

ಎಂಟೂಕಾಲಿಗೆ ಮಂಗಳೂರಿನಿಂದ ಅತ್ತೆಯ ಫೋನು, "ಇಲ್ಲಿ ಆಗಲೇ ಚಂದ್ರೋದಯ ಆಯ್ತು, ನಿನ್ನದು ಊಟ ಆಯ್ತಾ?" ಎಂದು. ಅಲ್ಲಿಯ ಚಂದ್ರನೇ ಬೇರೆ ಇಲ್ಲಿಯ ಚಂದ್ರನೇ ಬೇರೆ ಎಂದು ಪ್ರತಿ ತಿಂಗಳೂ ಹೇಳಬೇಕು. ಮತ್ತೆ ಸ್ವಲ್ಪ ಹೊತ್ತು ಕಾದು ಕಟ್ಟಡದ ಹೊರಗೆ ಬಂದು ನಿಂತೆ. ಧೂಳಿನಲ್ಲಿ ಏನೂ ಕಾಣಲಿಲ್ಲ. ಫೋನಿನಲ್ಲಿ ಸಮಯ ನೋಡಿ, ಇದ್ದಾನೆಂದು ನಂಬಿ ಕೈಮುಗಿದು, ನೇಪಾಳಿಯ ಹತ್ತಿರ ಕಿತ್ತಳೆ ಜ್ಯೂಸು ತೆಗೆದುಕೊಂಡು ಕುಡಿದೆ. ಹರಕೆ ಮುಗಿಯಿತು. ಎದೆ ಹಗುರವಾಗಿತ್ತು. ಅದನ್ನು ನೆನೆದರೆ ಈಗಲೂ ನನ್ನ ಮೇಲೆ ನನಗೆ ಅಸಹ್ಯವಾಗುತ್ತದೆ.

ಮರುದಿನ ಬೆಳಿಗ್ಗೆ ಮಗಳನ್ನು ಪರೀಕ್ಷೆಗೆ ಬಿಟ್ಟು ಬರುವಷ್ಟರಲ್ಲಿ ಪ್ರಭಾಕರಣ್ಣನ ಫೋನು. "ನೀನು ಅಂಗಡಿ ಕಡೆ ತಲೆ ಹಾಕ್ಬೇಡ. ನೀನು ಅಲ್ಲಿ ಇರ್ಲೇ ಇಲ್ಲ, ಗೊತ್ತಾಯ್ತಾ?" ಡ್ರೈವರುಗಳ ವಸತಿಯಲ್ಲಿ ಬೆಳಗಿನ ಜಾವದ ಅತ್ತಾಳದ ಊಟಕ್ಕೆ ಎದ್ದವರು ವಾಂತಿ ಭೇದಿಯಿಂದ ನೆಲ ಹಿಡಿದಿದ್ದರು. ಆಂಬುಲೆನ್ಸುಗಳು ಎರಡೆರಡು ಸಲ ಹೋಗಿ ಬಂದವಂತೆ. ಮೇಜಿನಲ್ಲಿ ಕೂತು ಉಂಡವರಲ್ಲೂ ಕೆಲವರು ಆಸ್ಪತ್ರೆಯಲ್ಲಿದ್ದರು. ವಯಸ್ಸಾದ ನೇಪಾಳಿ ಡ್ರೈವರೊಬ್ಬರು ಐಸಿಯುನಲ್ಲಿದ್ದರು, ಸಕ್ಕರೆ ಕಾಯಿಲೆಯವರು. ನಾಲ್ಕು ದಿನ ನಾನು ದೇವರ ಮುಂದೆ ಕೂತದ್ದು ಅವರ ಸಲುವಾಗಿ. ಬದುಕಿದರು. ಆದರೆ ಮತ್ತೆ ಗಾಡಿ ಓಡಿಸುವ ಸ್ಥಿತಿ ಇರಲಿಲ್ಲ, ಊರಿಗೆ ಕಳಿಸಿದರು ಎಂದು ಆಮೇಲೆ ಕೇಳಿದೆ.

ಅಧಿಕಾರಿಗಳು ಬಂದು ಅಂಗಡಿಗೆ ಸೀಲು ಹಾಕಿದ ದಿನ ನಡೆದದ್ದನ್ನು ಜ್ಯೂಸಿನ ನೇಪಾಳಿ ನನಗೆ ಹೇಳಿದ. ಸುತ್ತಲಿನ ಅಂಗಡಿಗಳವರೆಲ್ಲ ಹೊರಗೆ ನಿಂತು ನೋಡುತ್ತಿದ್ದರಂತೆ. ಶವರ್ಮಾದ ಇಬ್ಬರೂ ಉಳ್ಳಾಲದ ಪಕ್ಕದವರೇ, ಹಸನಾಕನ ರೂಮಿನವರು. ಅಡುಗೆ ಹೊರಗೆ ಹೋಗುವ ಮುಂಚೆ ನೋಡುವವರು ಯಾರು ಎಂದು ಅಧಿಕಾರಿ ಕೇಳಿದರು. ಹಸನಾಕ ಹೇಳಿದ್ದು, "ನಾನೇ ಸಾರ್. ನಾನೇ ರುಚಿ ನೋಡಿದ್ದು."

ಪ್ರಭಾಕರಣ್ಣನಿಗೆ ತಲೆ ಕೆಟ್ಟಿತ್ತು. "ನೋಂಬು ಹಿಡಿದವ ನೀನು ಹೇಗೆ ನೋಡಿದ್ದು? ಸುಳ್ಳು ಹೇಳ್ತೀಯಾ?" ಎಂದು ಎಲ್ಲರೆದುರು ಕಿರುಚಿದರಂತೆ. ನನ್ನ ಹೆಸರು ಬಂದರೆ ತಮಗೂ ಕುತ್ತು ಎನ್ನುವುದು ಆ ಗಳಿಗೆಯಲ್ಲಿ ಅವರಿಗೇ ಹೊಳೆಯಲಿಲ್ಲ. ಹಸನಾಕನಿಗೆ ಹೊಳೆದಿತ್ತು.

"ನನಗೆ ಅವತ್ತು ನೋಂಬು ಇರ್ಲಿಲ್ಲ" ಎಂದರಂತೆ.

ಹಾಗಾದರೆ ಕೆಟ್ಟದ್ದು ಗೊತ್ತಾಗಲಿಲ್ಲವೇ ಎಂದು ಅಧಿಕಾರಿ ಬಿಡಲಿಲ್ಲ. ಆಗ ಅವರು ಇಷ್ಟು ವರ್ಷ ಬಚ್ಚಿಟ್ಟದ್ದನ್ನೂ ಬಾಯಿ ಬಿಟ್ಟರು. ವಾಸನೆ ತಿಳಿಯುವುದಿಲ್ಲ, ರುಚಿಯೂ ಸರಿಯಾಗಿ ತಿಳಿಯುವುದಿಲ್ಲ ಎಂದರು. ಎರಡನೆಯದು ಸುಳ್ಳು. ನನ್ನನ್ನು ಮುಚ್ಚಿಡಲು ಒಬ್ಬ ಅಡುಗೆಯವರು ತಮ್ಮ ನಾಲಗೆಯ ಮೇಲೆಯೇ ಮಣ್ಣು ಹಾಕಿಕೊಂಡರು. ಅಂಗಡಿ ಹೋಯಿತು, ವೀಸಾ ರದ್ದಾಯಿತು. ನಮ್ಮ ಕರಾವಳಿಯವರ ನಡುವೆ ಸುದ್ದಿ ಹರಡಲು ಎಷ್ಟು ಹೊತ್ತು ಬೇಕು? ದೋಹಾದಲ್ಲಿ ಅವರಿಗೆ ಇನ್ನು ಯಾವ ಅಡುಗೆಮನೆಯ ಬಾಗಿಲೂ ತೆರೆಯುವಂತಿರಲಿಲ್ಲ. ಅದಕ್ಕಿಂತ ಹೆಚ್ಚಿನದನ್ನು ನೇಪಾಳಿ ಕೊನೆಗೆ ಹೇಳಿದ. ನೋಂಬು ಬಿಟ್ಟವನೆಂದು ಶವರ್ಮಾದವರು ಸಂಜೆ ಉಪವಾಸ ಬಿಡುವ ಚಾಪೆಯಲ್ಲಿ ಅವರಿಗೆ ಜಾಗ ಕೊಡುತ್ತಿರಲಿಲ್ಲವಂತೆ. ಅವರು ಬಾಗಿಲ ಹೊರಗೆ, ಲಿಫ್ಟಿನ ಪಕ್ಕ ಕೂತು ಒಬ್ಬರೇ ಖರ್ಜೂರ ತಿನ್ನುತ್ತಿದ್ದರಂತೆ.

ನಾನು ಏನು ಮಾಡಿದೆ? ಏನೂ ಮಾಡಲಿಲ್ಲ. ಮಗಳ ಪರೀಕ್ಷೆ ಮುಗಿಯಲಿ ಎಂದೆ, ಗಂಡನ ಕೆಲಸ ಹೋದರೆ ಎಂದೆ, ಹೆಸರು ಹೇಳಿದರೆ ಈಗ ಯಾರಿಗೆ ಲಾಭ ಎಂದೆ. ಹಸನಾಕ ಎರಡು ಸಲ ಫೋನು ಮಾಡಿದರು, ಎತ್ತಲಿಲ್ಲ. ನಾನು ಕುಡಿಯಲಿಲ್ಲವೆಂದು ಅವರಿಗೆ ಹೇಗೋ ತಿಳಿದಿದೆ, ಕೇಳಲಿಕ್ಕೇ ಮಾಡುತ್ತಿದ್ದಾರೆ ಎಂದು ಹೆದರಿದ್ದೆ. ಕುಡಿದಿದ್ದರೆ ಗೊತ್ತಾಗುತ್ತಿತ್ತೇ? ಆ ನರ್ಸಿಗೆ ಗೊತ್ತಾಗಿತ್ತಲ್ಲ, ನನಗೂ ಆಗುತ್ತಿತ್ತು.

ಪೆರ್ನಾಲ್ ಹಬ್ಬಕ್ಕೆ ಐದು ದಿನ ಇರುವಾಗ, ಮರುದಿನ ಅವರನ್ನು ಊರಿನ ವಿಮಾನ ಹತ್ತಿಸುತ್ತಾರೆಂದು ಗೊತ್ತಾಯಿತು. ಹಬ್ಬಕ್ಕೆ ನಾಲ್ಕು ದಿನ ಮುಂಚೆ, ಯಾಕೆ ಬಂದೆ ಎಂದು ಎಲ್ಲರೂ ಕೇಳುವ ಹಾಗೆ, ಬರಿಗೈಯಲ್ಲಿ. ಆ ದಿನ ನನಗೆ ತಡೆಯಲಾಗಲಿಲ್ಲ. ಎಲ್ಲ ಹೇಳಿಬಿಡುತ್ತೇನೆ, ಅವರು ಉಗಿದರೆ ಉಗಿಯಲಿ ಎಂದು ನಿಶ್ಚಯ ಮಾಡಿ ಗಂಡನ ಕಾರಿನಲ್ಲಿ ಮುಂತಜಾಕ್ಕೆ ಹೋದೆ. ಗಂಡಸರ ರೂಮಿಗೆ ನಾನು ಹತ್ತುವಂತಿಲ್ಲ. ಗಂಡ ಕಾರಿನಲ್ಲೇ ಕೂತರು, ಹಸನಾಕ ಮೆಟ್ಟಿಲಿಳಿದು ಬಂದರು. ಗಡ್ಡ ಬೆಳೆದಿತ್ತು. ಹಗಲು ನಾಲ್ಕು ಗಂಟೆ, ತುಟಿ ಒಣಗಿ ಬಿಳಿಚಿತ್ತು. ನೋಂಬು ಬಿಟ್ಟಿರಲಿಲ್ಲ, ನೋಡಿದರೇ ಗೊತ್ತಾಗುತ್ತಿತ್ತು.

"ಹಸನಾಕ, ಅವತ್ತು ಸಾರು..." ಎಂದೆ.

ಅವರು ಕೈ ಎತ್ತಿ ತಡೆದರು. "ಅದು ಬಿಡಿ ಅಕ್ಕ. ನನಗೆ ಅವತ್ತಿನಿಂದ ಒಂದೇ ಯೋಚನೆ. ಎರಡು ಸಲ ಫೋನು ಮಾಡಿದೆ, ನೀವು ಎತ್ತಲಿಲ್ಲ. ಆಸ್ಪತ್ರೆಯಲ್ಲಿ ಇದ್ದೀರೇನೋ ಅಂತ ಜೀವ ಹಾರಿಹೋಯ್ತು. ಪ್ರಭಾಕರಣ್ಣನ ಹತ್ರ ಕೇಳಿದ್ರೆ ಬೈದು ಫೋನು ಇಟ್ರು. ಉಳಿದವರು ಅನ್ನದ ಜೊತೆ ತಿಂದದ್ದು. ನೀವು ಖಾಲಿ ಸಾರು ಕುಡಿದದ್ದು, ಎಲ್ಲರಿಗಿಂತ ಮುಂಚೆ, ನನ್ನ ಮಾತು ಕೇಳಿ. ನಿಮಗೆ ಹೊಟ್ಟೆಗೆ ಏನೂ ಆಗ್ಲಿಲ್ಲ ಅಲ್ವ?"

ನಾನು ಅವರ ಮುಖ ನೋಡಿದೆ. ಇಷ್ಟು ದಿನ ಬೆನ್ನು ತಿರುಗಿಸಿ ನಿಲ್ಲುತ್ತಿದ್ದವರು ಈಗ ನೇರ ನನ್ನ ಎದುರಿಗೆ, ಉತ್ತರಕ್ಕೆ ಕಾಯುತ್ತ ನಿಂತಿದ್ದರು. ಹೇಳಬೇಕೆಂದೇ ಬಾಯಿ ತೆರೆದೆ.

"ಎರಡು ದಿನ ಸ್ವಲ್ಪ ನೋವಿತ್ತು" ಎಂದೆ. "ಈಗ ಕಡಿಮೆ ಆಯ್ತು."

ಹಸನಾಕ ಎದೆಯ ಮೇಲೆ ಕೈಯಿಟ್ಟು ಗೋಡೆಗೆ ಒರಗಿದರು. "ಅಲ್ಹಮ್ದುಲಿಲ್ಲಾ" ಎಂದರು. ಕಣ್ಣಲ್ಲಿ ನೀರು ತುಂಬಿತ್ತು. "ನನಗೆ ಅಷ್ಟೇ ಸಾಕು ಅಕ್ಕ."